ಕೆಂಪು ಬೀಗ – ಏಳನೆಯ ಕಂತು: ಬಿಂದುವಲ್ಲದ ಸೊನ್ನೆ

"ಬಂತು ನೋಡೇ!"

ಸ್ಪೀಕರಿನಿಂದ ಆ ದನಿ ಬಂದದ್ದೇ ತಡ, ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಇಕ್ಕಳಮ್ಮನ ಕೈಯಲ್ಲಿದ್ದ ಲೋಟ ಅಲುಗಿ ಟೀ ಸೆರಗಿನ ಮೇಲೆ ಚೆಲ್ಲಿತು. ಗುಂಡಿ ಒತ್ತಿದವಳು ಆಕೆಯೇ. ಏನು ಕೇಳಿಸಲಿದೆ ಎಂಬುದೂ ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು. ಸತ್ತು ಇಪ್ಪತ್ತೊಂದು ದಿನವಾದ ಗಂಡಸು ಹೆಂಡತಿಯನ್ನು ಅಷ್ಟು ಸಲಿಗೆಯಿಂದ ಕರೆದರೆ ಯಾರ ಮೈಯಾದರೂ ಜುಮ್ಮೆನ್ನದೆ ಇರುತ್ತದೆಯೇ?

"ಇದೇ ಅಕ್ಕ," ಎಂದಳು ಬಾಗಿಲಿಗೆ ಒರಗಿ ನಿಂತಿದ್ದ ಆ ಮನೆಯ ಸೊಸೆ. "ಮಂಗಳವಾರ ಮಧ್ಯಾಹ್ನ ಹೊಲಿಗೆ ಮಿಷನ್ ಮುಂದೆ ಕೂತಿದ್ದೆ. ಈ ರೂಮಿಂದ ಇವರು ಕರೆದ್ರು. ಓಡಿ ಬಂದೆ. ಕುರ್ಚಿ ಖಾಲಿ. ಮಾವನಿಗೆ ಹೇಳಿದ್ರೆ, ನಿನ್ನ ಭ್ರಮೆ ಕಣಮ್ಮ, ಸ್ವಲ್ಪ ಮಲಗು ಅಂದ್ರು."

"ಭ್ರಮೆಯೂ ಅಲ್ಲ, ಮಣ್ಣೂ ಅಲ್ಲ. ಡೌನ್‌ಲೋಡ್ ಆ್ಯಪಿನ ಗಂಟೆ ಇದು. ಫೈಲು ಪೂರ್ತಿ ಇಳಿದಾಗ ಟಿಣ್ ಅನ್ನೋ ಬದಲು ತನ್ನ ದನೀನೇ ಹಾಕಿಟ್ಟಿದಾನೆ ನಿನ್ನ ಗಂಡ."

"ಗೊತ್ತು. ನನ್ನ ರೇಗಿಸೋಕೆ ಹಾಕಿದ್ದು. ಪ್ರತಿ ಸಲ ನಾನು ಎದ್ದು ಬಂದು ಬೈಬೇಕು, ಅವರು ನಗಬೇಕು." ಅವಳು ಗೋಡೆಗೆ ನೇತುಹಾಕಿದ್ದ ಗಂಡನ ಕೆಲಸದ ಕೋಟಿನ ಕಡೆ ನೋಡಿದಳು. ಅದರ ಜೇಬಿನಲ್ಲಿ ಟಾರ್ಚು ಇನ್ನೂ ಹಾಗೇ ಇತ್ತು. "ಆದ್ರೆ ಮಂಗಳವಾರ ಯಾರು, ಏನು ಇಳಿಸಿದ್ರು ಅಕ್ಕ?"

ಪ್ರಶ್ನೆ ಅದೇ. ಆ್ಯಪಿನ ಪಟ್ಟಿ ನೋಡಿದರೆ ಖಾಲಿ. ಏನೂ ಇಳಿದೇ ಇಲ್ಲ ಎನ್ನುವಷ್ಟು ಚೊಕ್ಕಟ.

ಹೊಸದಾಗಿ ಓದುವವರಿಗೆ ಒಂದೇ ಮಾತು: ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಇವಳ ಗಂಡ ಆರು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಗಿಳಿದು ಕೆಲಸ ಮಾಡುತ್ತಿದ್ದಾಗ, ನಿಲ್ಲಿಸಿದ್ದ ಲಿಫ್ಟ್ ಇದ್ದಕ್ಕಿದ್ದಂತೆ ಕೆಳಗಿಳಿದು ಅವನನ್ನು ಮುಗಿಸಿತ್ತು.

ಗುಂಡಿಗೆ ಇಳಿಯುವ ಮೊದಲು ಮೆಕ್ಯಾನಿಕ್ ಮೇನ್ ಸ್ವಿಚ್ ಇಳಿಸಿ, ಅದಕ್ಕೊಂದು ಕೆಂಪು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಇವನು ಬೀಗ ಹಾಕಲೇ ಇಲ್ಲ, ತನ್ನ ಸಾವನ್ನು ತಾನೇ ತಂದುಕೊಂಡ ಎಂಬುದು ಕಂಪನಿಯ ವಾದ. ವಿಚಾರಣಾ ಸಮಿತಿ ನಾಳೆ ಬೆಳಗ್ಗೆ ಹತ್ತಕ್ಕೆ ಅದಕ್ಕೆ ಮುದ್ರೆ ಒತ್ತಲಿತ್ತು. ಹನ್ನೆರಡು ವರ್ಷ ಒಂದು ಸಲವೂ ಬೀಗ ಮರೆಯದವನ ಹೆಸರಿನ ಮುಂದೆ 'ಬೇಜವಾಬ್ದಾರಿ' ಎಂದು ಬರೆದುಬಿಡುತ್ತಾರಲ್ಲ ಎಂದು ಹೆಂಡತಿ ಮೂರು ವಾರದಿಂದ ಒದ್ದಾಡುತ್ತಿದ್ದಳು.

ಕಟ್ಟಡದ ಕ್ಯಾಮೆರಾ ಕೆಟ್ಟಿತ್ತು ಎಂದು ಕಂಪನಿ ಹೇಳಿತ್ತು. ಅದು ನಿಜವೇ. ಆದರೆ ಸ್ವಾಗತದ ಮೇಜಿನವಳು ಪಾರ್ಸಲ್ ಕಳ್ಳರಿಗಾಗಿ ತನ್ನದೇ ಒಂದು ಪುಟ್ಟ ಕ್ಯಾಮೆರಾ ಇಟ್ಟುಕೊಂಡಿದ್ದಳು. ಅದರ ಕಣ್ಣಿಗೆ ಸ್ವಿಚ್ ಬೋರ್ಡೂ ಬೀಳುತ್ತಿತ್ತು. ಕೆಲಸ ಬಿಟ್ಟು ಹೋಗುವ ಮುನ್ನ ಆ ದಿನದ ನಾಲ್ಕು ಗಂಟೆ ಉದ್ದದ ವಿಡಿಯೋವನ್ನು ಅವಳು ಸತ್ತವನ ಮೇಲ್ ವಿಳಾಸಕ್ಕೇ ಲಿಂಕ್ ಮಾಡಿ ಕಳಿಸಿದ್ದಳು. ಹೆಂಡತಿ ಅದನ್ನು ನೋಡಿದ್ದು ನಿನ್ನೆ. ಲಿಂಕಿನ ಆಯಸ್ಸು ಏಳು ದಿನ. ಇವತ್ತು ಸಂಜೆ ಐದಕ್ಕೆ ಅದು ಸಾಯುತ್ತದೆ.

ಗೋಡೆ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು.

"ಬ್ರೌಸರಲ್ಲೇ ನೇರ ಇಳಿಸೋಕೆ ನೋಡಿದ್ಯಾ?"

"ಮೂರು ಸಲ ಅಕ್ಕ. ಅರ್ಧಕ್ಕೆ ಬಂದು ನೆಟ್ ಕೈಕೊಡುತ್ತೆ, ಮತ್ತೆ ಮೊದಲಿಂದ. ಆ್ಯಪ್ ಆದ್ರೆ ಬಿಟ್ಟ ಕಡೆಯಿಂದ ಹಿಡ್ಕೊಳ್ಳುತ್ತೆ ಅಂತ ಇವರು ಹೇಳ್ತಿದ್ರು. ಆದ್ರೆ ಲಿಂಕ್ ಒತ್ತಿದ್ರೆ ಇದೊಂದೇ ಹಾಡು."

ಪರದೆಯ ಮೇಲೆ ಆ ಹಾಡು ಇತ್ತು: 'ಆ್ಯಪ್ ಜೊತೆ ಸಂಪರ್ಕ ಸಾಧ್ಯವಾಗುತ್ತಿಲ್ಲ.'

ಇಕ್ಕಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುರ್ಚಿ ಎಳೆದುಕೊಂಡಳು. ಅವಳ ರಿಪೇರಿ ಅಂಗಡಿಯ ಬೋರ್ಡಿನಲ್ಲಿ ಬೇರೆ ಹೆಸರಿದೆ. ಅದು ಈಗ ಅವಳಿಗೇ ಅರ್ಧ ಮರೆತುಹೋಗಿದೆ. ಅನುಮಾನವೊಂದನ್ನು ಕಚ್ಚಿದರೆ ಬಿಡುವುದಿಲ್ಲವೆಂದು ಯಾರೋ ಇಕ್ಕಳಮ್ಮ ಎಂದರು, ಊರೆಲ್ಲ ಹಾಗೇ ಕರೆಯಿತು. ಕೋಪ ಮೂಗಿನ ತುದಿಯಲ್ಲಿ, ಕರುಣೆ ಅದರ ಹಿಂದೆಯೇ.

"ಇದನ್ನ ಇನ್ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಮೈದುನನಿಗೂ ಮಾವನಿಗೂ, ಇವರ ಹಳೇ ಫೋಟೋ ಇಳಿಸ್ತಿದೀನಿ ಅಂದಿದೀನಿ."

ಮೈದುನ ಆಚೆ ಹಾಲಿನಲ್ಲಿ ಕೂತಿದ್ದ. ಅಣ್ಣನ ಕಂಪನಿಯಲ್ಲೇ ಬಿಡಿಭಾಗ, ಬೀಗ-ಕೀಲಿಗಳ ಉಗ್ರಾಣ ನೋಡಿಕೊಳ್ಳುವವನು. ಅಣ್ಣನೇ ಕೈಹಿಡಿದು ಸೇರಿಸಿದ್ದ. ಟೀ ಮಾಡಿ ತಂದುಕೊಟ್ಟವನೂ ಅವನೇ. "ಆ ಡಬ್ಬಾ ಕಂಪ್ಯೂಟರ್ ಬಿಸಾಕಿ ಅತ್ತಿಗೆ, ಅದನ್ನ ಇಟ್ಕೊಂಡು ಎಷ್ಟು ದಿನ ಅಳ್ತೀರಿ" ಎಂದು ಹೇಳಿ, ಫೋನು ಹಿಡಿದು ಹೋಗಿದ್ದ. ಕಂಪ್ಯೂಟರ್ ಬಗ್ಗೆ ಈ ಮನೆಯಲ್ಲಿ ಅಷ್ಟಿಷ್ಟು ಬಲ್ಲವನು ಈಗ ಅವನೊಬ್ಬನೇ. ಇಕ್ಕಳಮ್ಮ ಅವನ ಬೆನ್ನನ್ನು ಬಾಗಿಲ ಸಂದಿಯಿಂದ ಒಮ್ಮೆ ದಿಟ್ಟಿಸಿ, ಕೆಲಸಕ್ಕೆ ಇಳಿದಳು.

ಆ್ಯಪ್ ಓಡುತ್ತಿದೆಯೇ? ಓಡುತ್ತಿದೆ. ಬ್ರೌಸರಿನ ಎಕ್ಸ್‌ಟೆನ್ಷನ್ ಚಾಲೂ ಇದೆಯೇ? ಇದೆ. ಅದನ್ನು ತೆಗೆದು ಮತ್ತೆ ಹಾಕಿದಳು. ಎರಡನ್ನೂ ಮುಚ್ಚಿ ತೆರೆದಳು. ವೈರಸ್ ಕಾವಲುಗಾರನನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿದಳು. ಊಹೂಂ. ಒಂದೊಂದನ್ನೇ ಮಾತಾಡಿಸಿದರೆ ಎರಡೂ ಗಟ್ಟಿಮುಟ್ಟು. ಎದುರುಬದುರು ಕೂರಿಸಿದರೆ ಮುಖ ತಿರುಗಿಸುತ್ತಿದ್ದವು.

"ತೆಗೆದು ಹೊಸದಾಗಿ ಹಾಕಿದ್ರೆ ಹತ್ತು ನಿಮಿಷದ ಕೆಲಸ."

"ಆ ದನಿ ಹೋಗಿಬಿಡುತ್ತಾ ಅಕ್ಕ?"

ಇಕ್ಕಳಮ್ಮ ಅವಳ ಮುಖ ನೋಡಿದಳು. ದನಿಯನ್ನು ಬೇರೆ ಕಡೆ ತೆಗೆದಿಡಬಹುದು, ಅದು ದೊಡ್ಡ ವಿಷಯವಲ್ಲ. ಆದರೆ ಹೊಸದಾಗಿ ಹಾಕಿದರೆ ಮಂಗಳವಾರ ಇಲ್ಲಿ ಓಡಾಡಿದವರ ಹೆಜ್ಜೆಯೂ ಒರೆಸಿಹೋಗುತ್ತದೆ. ಕೆಟ್ಟದ್ದು ತಾನಾಗಿ ಕೆಟ್ಟಿತೋ, ಯಾರಾದರೂ ಕೆಡಿಸಿದರೋ?

"ಇರು. ಇದರ ವಿಳಾಸದ ಚೀಟಿ ನೋಡೋಣ."

ಬ್ರೌಸರಿಗೆ ಆ್ಯಪಿನ ಮನೆ ತಾನಾಗಿ ಗೊತ್ತಿರುವುದಿಲ್ಲ. ಡಿಸ್ಕಿನ ಮೂಲೆಯಲ್ಲಿ ಒಂದು ಚಿಕ್ಕ ಫೈಲಿರುತ್ತದೆ, ಅದರಲ್ಲಿ 'ಇಂಥ ಫೋಲ್ಡರಿಗೆ ಹೋಗು, ಅಲ್ಲಿ ನಿನ್ನ ಆ್ಯಪ್ ಸಿಗುತ್ತದೆ' ಎಂದು ಬರೆದಿರುತ್ತದೆ. ಸತ್ತವನಿಗೆ ಎಲ್ಲಕ್ಕೂ ಕನ್ನಡದ ಹೆಸರಿಡುವ ಚಟ. ಆ್ಯಪಿನ ಫೋಲ್ಡರಿಗೆ ಅವನಿಟ್ಟ ಹೆಸರು 'ತಂದದ್ದು'. ಚೀಟಿಯಲ್ಲೂ 'ತಂದದ್ದು' ಎಂದೇ ಇತ್ತು.

ಇಕ್ಕಳಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮತ್ತೆ ಯಂತ್ರಕ್ಕೇನು ರೋಗ?

ಹುಡುಕುವ ಪೆಟ್ಟಿಗೆಯಲ್ಲಿ 'ತಂದದ್ದು' ಎಂದು ಬರೆದು ಒತ್ತಿದಳು. ಉತ್ತರ ಬಂತು: ಆ ಹೆಸರಿನ ಫೋಲ್ಡರ್ ಇಲ್ಲ.

"ಇಲ್ವಾ? ಕಣ್ಮುಂದೆ ಇದೆಯಲ್ಲೋ ಕುರುಡ!" ಎಂದು ಆಕೆ ಕಂಪ್ಯೂಟರಿಗೆ ಬೈದಳು. ಆ ದನಿಯಾದ ಮೇಲೆ, ಇದ್ದೂ ಇಲ್ಲದಿರುವುದು ಈ ರೂಮಿನಲ್ಲಿ ಇದು ಎರಡನೆಯದು.

ಫೋಲ್ಡರಿನ ಹೆಸರಿನ ಮೇಲೆ ಕರ್ಸರ್ ಇಟ್ಟು, ಆ್ಯರೋ ಕೀ ಒತ್ತುತ್ತ ಒಂದೊಂದೇ ಅಕ್ಷರ ದಾಟಿದಳು. ತ. ಅಲ್ಲಿ ಕರ್ಸರ್ ನಿಂತಿತು. ಆಮೇಲೆ ಅನುಸ್ವಾರದ ಬಿಂದು. ಅಲ್ಲೂ ನಿಂತಿತು.

ಇಕ್ಕಳಮ್ಮ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದಳು. ಚೀಟಿಯಲ್ಲಿದ್ದ ಹೆಸರಿನ ಮೇಲೆ ಅದೇ ಕೆಲಸ ಮಾಡಿದಳು. ಅಲ್ಲಿ ಕರ್ಸರ್ 'ತಂ' ಅನ್ನು ಒಂದೇ ಹೆಜ್ಜೆಗೆ ದಾಟಿತು. ಬಿಂದು ತಕಾರಕ್ಕೆ ಅಂಟಿಕೊಂಡಿರಬೇಕು, ನಡುವೆ ನಿಲ್ಲಲು ಜಾಗವಿರುವುದಿಲ್ಲ. ಫೋಲ್ಡರಿನಲ್ಲಿ ಇದ್ದದ್ದು ಬಿಂದುವೇ ಅಲ್ಲ.

"ಅಂಕಿ!" ಎಂದಳು. "ಸೊನ್ನೆ ಅಂಕಿ ಕಣೇ ಇದು! ನೋಡು, ತ, ಸೊನ್ನೆ, ದ. ನಮ್ಮ ಕಣ್ಣಿಗೆ ಎರಡೂ ಒಂದೇ ಉಂಡೆ. ಮಿಷನ್ನಿಗೆ ಒಂದು ಅಕ್ಷರ, ಇನ್ನೊಂದು ಲೆಕ್ಕ."

"ಹಾಗಂದ್ರೆ?"

"ಹಾಗಂದ್ರೆ ಈ ಫೋಲ್ಡರಿನ ಹೆಸರನ್ನ ಯಾರೋ ಬದಲಾಯಿಸಿದ್ರು, ಆ್ಯಪ್ ಬ್ರೌಸರಿಗೆ ಸಿಗಬಾರದು ಅಂತ. ಆಮೇಲೆ ನೀನು ರಿಪೇರಿಯವಳನ್ನ ಕರೀತೀನಿ ಅಂದೆ. ಹೆದರಿ, ಮೊದಲಿನ ಹೆಸರನ್ನೇ ಮತ್ತೆ ಟೈಪ್ ಮಾಡಿಟ್ರು. ತಿದ್ದೋಕೆ ಹೋದಾಗ ಸಿಕ್ಕಿಬಿದ್ರು."

ಸೊಸೆ ಹಾಲಿನ ಕಡೆ ತಿರುಗಿದಳು. ಇಕ್ಕಳಮ್ಮ ಅವಳ ಮೊಣಕೈ ಹಿಡಿದಳು.

"ನಿನ್ನ ಮೈದುನ ಕನ್ನಡ ಹೇಗೆ ಟೈಪ್ ಮಾಡ್ತಾನೆ?"

"ಇಂಗ್ಲಿಷ್ ಅಕ್ಷರದಲ್ಲಿ ಹೊಡೀತಾನೆ, ಅದೇ ಕನ್ನಡ ಆಗುತ್ತೆ. ನಾನೂ ಹಾಗೇ."

"ಹಾಗೆ ಹೊಡೆದ್ರೆ ಬಿಂದು ತಾನಾಗೇ ಬರುತ್ತೆ, ಈ ತಪ್ಪು ನಿಮ್ಮಿಬ್ಬರ ಕೈಲಿ ಆಗೋಕೇ ಸಾಧ್ಯವಿಲ್ಲ."

ಪರದೆಯ ಮೂಲೆಯಲ್ಲಿ ಒಂದು ಪತ್ರವಿತ್ತು. ವಿಚಾರಣಾ ಸಮಿತಿಗೆ ಬರೆದ ಮನವಿ, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು. ಇಕ್ಕಳಮ್ಮ ಅದನ್ನು ತೆರೆದು, ಸೊನ್ನೆ ಅಂಕಿಯನ್ನು ಹುಡುಕು ಎಂದಳು. ಒಂದೇ ಪುಟದಲ್ಲಿ ಐವತ್ತೆರಡು ಕಡೆ ಹಳದಿ ಬಣ್ಣ ಮೂಡಿತು. ಕ೦ಪನಿ. ಸ೦ಕಟ. ತ೦ದೆ. ಲೆಕ್ಕದ ಮಾತೇ ಇಲ್ಲದ ಪತ್ರದಲ್ಲಿ ಐವತ್ತೆರಡು ಸೊನ್ನೆ.

ಕೆಳಗೆ ಮಾವನ ಹೆಸರಿತ್ತು.

ಇಕ್ಕಳಮ್ಮ ಫೋಲ್ಡರಿನ ಹೆಸರಿನಿಂದ ಸೊನ್ನೆಯನ್ನು ಅಳಿಸಿ ಬಿಂದು ಇಟ್ಟಳು. ಲಿಂಕ್ ಒತ್ತಿದಳು. ಇಷ್ಟು ಹೊತ್ತು ಮುಖ ತಿರುಗಿಸಿದ್ದ ಆ್ಯಪ್ ತಟ್ಟನೆ ಎದ್ದು ಫೈಲನ್ನು ಹಿಡಿದುಕೊಂಡಿತು. ಶೇಕಡ ಒಂದು. ಮುಗಿಯಲು ಅರವತ್ತಾರು ನಿಮಿಷ. ಗಡಿಯಾರ ಮೂರು ಐವತ್ತು. ನಾಲ್ಕು ನಿಮಿಷ ಮಾತ್ರ ಕೈಯಲ್ಲಿ ಉಳಿಯುತ್ತಿತ್ತು.

"ಮಾವನನ್ನ ಕರಿ," ಎಂದಳು. "ಮೆಲ್ಲಗೆ."

ಮಾವ ಬಂದರು. ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಕೂತಾಗ ಈಗಲೂ ಬೆನ್ನು ನೆಟ್ಟಗೆ, ಮೊಣಕೈ ಪಕ್ಕೆಗೆ. ಪರದೆಯ ಮೇಲೆ ಓಡುತ್ತಿದ್ದ ಅಂಕಿಯನ್ನು ನೋಡಿದ್ದೇ ಅವರು ಮಂಚದ ಅಂಚಿಗೆ ಕುಸಿದರು.

"ಯಜಮಾನ್ರೇ, ನಿಮ್ಮ ಟೈಪ್‌ರೈಟರ್‌ನಲ್ಲಿ ಸೊನ್ನೆಗೂ ಬಿಂದುಗೂ ಒಂದೇ ಕೀಲಿ ಇತ್ತಾ?"

"ಒಂದೇ." ಮಾವ ಮೊಣಕಾಲ ಮೇಲೆ ಬೆರಳು ಒತ್ತಿ ತೋರಿಸಿದರು. "ನಾವೆಲ್ಲ ಅದನ್ನೂ ಸೊನ್ನೆ ಅಂತಲೇ ಕರೀತಿದ್ವಿ. ತ ಸೊನ್ನೆ ತಂ. ಬೆರಳು ಈಗಲೂ ಅಲ್ಲಿಗೇ ಹೋಗುತ್ತೆ. ಯಾಕೆ?"

"ಈ ಕಂಪ್ಯೂಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಕೀಲಿ ಇದೆ."

ಅವರಿಗೆ ಅರ್ಥವಾಯಿತು. ಮೂವತ್ತು ವರ್ಷದಲ್ಲಿ ಒಂದು ತಪ್ಪು ಹೊಡೆಯದವರಂತೆ. ಆ ಹೆಮ್ಮೆಯಲ್ಲೇ ಬದುಕಿದವರು. ತಲೆ ತಗ್ಗಿಸಿಬಿಟ್ಟರು.

"ಮಂಗಳವಾರ ಪೇಪರ್ ಓದೋಕೆ ಅಂತ ಕೂತೆ. ಅವನ ಮೇಲ್ ತೆರೆದೇ ಇತ್ತು. ಲಿಂಕ್ ಒತ್ತಿದೆ. ಎರಡು ಗಂಟೆ ಕಾದೆ, ಆಮೇಲೆ ಬಚ್ಚಲಿಗೆ ಹೋಗಿದ್ದಾಗ ಅದು ಕೂಗಿತು."

"ಅಂದ್ರೆ ನೀವು ಕೇಳಿಸ್ಕೊಂಡ್ರಿ," ಎಂದಳು ಸೊಸೆ.

ಮಾವ ಹೌದೆಂದು ತಲೆಯಾಡಿಸಿದರು.

"ಕೇಳಿಸ್ಕೊಂಡೂ ಭ್ರಮೆ ಅಂದ್ರಿ. ಐದು ದಿನ ಮಾವ, ಐದು ದಿನ ನನಗೆ ತಲೆ ಕೆಟ್ಟಿದೆ ಅಂತಲೇ ನಾನು ನಂಬ್ಕೊಂಡಿದ್ದೆ. ಮಿಷನ್ ತುಳಿಯೋಕೂ ಭಯ ಆಗ್ತಿತ್ತು. ಆ ಸದ್ದಲ್ಲಿ ಇವರ ದನಿ ಕೇಳದೆ ಹೋದ್ರೆ ಅಂತ ಒಂದು ಭಯ, ಕೇಳಿಬಿಟ್ರೆ ಅಂತ ಇನ್ನೊಂದು."

"ನಿನ್ನ ಉಳಿಸೋಕಮ್ಮ!" ಮುದುಕರ ಕಣ್ಣಲ್ಲಿ ನೀರು ಬಂತು. "ಅದರಲ್ಲಿ ನೀನಿದ್ದೀಯ. ಹನ್ನೊಂದು ಗಂಟೆಗೆ. ಆ ಸ್ವಿಚ್ ಬೋರ್ಡ್ ಪಕ್ಕದಲ್ಲೇ ನಿಂತಿದೀಯ, ಬೋರ್ಡಿನ ಮೇಲೆ ಕೈ ಇಟ್ಕೊಂಡು. ಅಲ್ಲಿಗೆ ಹೋಗಿದ್ದೆ ಅಂತ ನೀನು ಒಬ್ಬರಿಗೂ ಹೇಳಿಲ್ಲ. ಮುಂದೆ ನೋಡೋ ಧೈರ್ಯ ನನಗೆ ಬರಲಿಲ್ಲ. ಅಳಿಸಿಬಿಟ್ಟೆ. ನೀನೂ ಹೋಗಿಬಿಟ್ರೆ ಈ ಮನೇಲಿ ಏನಿದೆ?"

ಇಕ್ಕಳಮ್ಮ ಸರ್ರನೆ ಸೊಸೆಯ ಕಡೆ ತಿರುಗಿದಳು. ಈ ಹೆಂಗಸು ತನಗೂ ಇದನ್ನು ಹೇಳಿರಲಿಲ್ಲ.

ಸೊಸೆ ಅಳಲಿಲ್ಲ.

"ಹೋಗಿದ್ದೆ. ಕನ್ನಡಕ ಮರೆತು ಹೋಗಿದ್ರು, ಕೊಡೋಕೆ ಹೋದೆ. ಬೇರೆಯವರನ್ನ ಲಿಫ್ಟ್ ಹತ್ರ ಬಿಟ್ರು ಅಂತ ಅದನ್ನೂ ಇವರ ಮೇಲೇ ಹಾಕ್ತಾರೆ, ಅದಕ್ಕೆ ಬಾಯಿ ಬಿಡಲಿಲ್ಲ. ಕೈ ಇಟ್ಟಿದ್ದು ಬೋರ್ಡಿನ ಮೇಲಲ್ಲ ಮಾವ, ಬೀಗದ ಮೇಲೆ. ಹಾಕಿದೀರಾ ಅಂತ ಎಳೆದು ನೋಡಿದೆ. ಹಾಕಿತ್ತು. 'ಇನ್ಸ್‌ಪೆಕ್ಟರಮ್ಮ ಬಂದ್ರು' ಅಂತ ಕೆಳಗಿಂದ ನಕ್ಕರು." ಅವಳು ಉಸಿರೆಳೆದುಕೊಂಡಳು. "ನಾನು ಬರೋವಾಗ ಬೀಗ ಇತ್ತು. ಆಮೇಲೆ ಯಾರೋ ತೆಗೆದ್ರು. ನನ್ನ ಮಾತು ಯಾರು ನಂಬ್ತಾರೆ? ಅದಕ್ಕೇ ಆ ವಿಡಿಯೋ ಬೇಕು."

ಮುದುಕರು ಎರಡೂ ಕೈ ಜೋಡಿಸಿದರು. "ಪಾಪಿ ನಾನು. ಅವನ ಹೆಸರು ತೊಳೆಯೋದನ್ನ ನಾನೇ ತಡೆದೆ. ಬರಲಿ ಅಮ್ಮಾ, ಬರಲಿ. ಇಡೀ ಊರು ನೋಡಲಿ."

ಇಕ್ಕಳಮ್ಮನ ಸಿಟ್ಟು ಅರ್ಧಕ್ಕೆ ಇಳಿಯಿತು. ಪ್ರೀತಿಯಿಂದ ಕೆಡಿಸಿದವರನ್ನು ಬೈಯುವುದು ಆಕೆಗೆ ಯಾವತ್ತೂ ಸರಿಯಾಗಿ ಬರುತ್ತಿರಲಿಲ್ಲ.

ಕಾಯುವುದೊಂದೇ ಉಳಿಯಿತು. ನಡುವೆ ಎರಡು ಸಲ ನೆಟ್ ಹೋಯಿತು, ಎರಡು ಸಲವೂ ಆ್ಯಪ್ ಬಿಟ್ಟಲ್ಲಿಂದಲೇ ಹಿಡಿಯಿತು. ಸೊಸೆ ಗಂಡನ ಕೋಟಿನ ತೋಳನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಮಾವ ಅವಳ ಹಿಂದೆ, ಗೋಡೆಯ ಪಕ್ಕ. ನಲವತ್ತು, ಅರವತ್ತು, ಎಂಬತ್ತು.

ನಾಲ್ಕು ನಲವತ್ತೈದಕ್ಕೆ ಸೊಸೆಗೆ ತಡೆಯಲಾಗಲಿಲ್ಲ. "ಬಂದಷ್ಟು ನೋಡಬಹುದಾ ಅಕ್ಕ?"

ನೋಡಬಹುದಿತ್ತು. ಇಕ್ಕಳಮ್ಮ ತೆರೆದು, ಹನ್ನೊಂದು ಗಂಟೆಯ ಹತ್ತಿರಕ್ಕೆ ಸರಿಸಿದಳು.

ಬೂದು ಬಣ್ಣದ ಮೊಗಸಾಲೆ. ಮೂಲೆಯಲ್ಲಿ ಸ್ವಿಚ್ ಬೋರ್ಡ್, ಅದರಿಂದ ನೇತಾಡುವ ಕೆಂಪು ಬೀಗ. ಸೊಸೆ ಬಂದಳು, ಬೀಗ ಎಳೆದು ನೋಡಿದಳು, ಬಗ್ಗಿ ಗುಂಡಿಯೊಳಕ್ಕೆ ಏನೋ ಕೊಟ್ಟಳು. ಒಳಗಿಂದ ಒಂದು ಕೈ ಮೇಲೆ ಬಂದು ಅದನ್ನು ತೆಗೆದುಕೊಂಡಿತು. ಕೈ ಒಂದು ಗಳಿಗೆ ಅವಳ ಬೆರಳನ್ನು ಹಿಡಿದು, ಬಿಟ್ಟು, ಕೆಳಗಿಳಿಯಿತು.

ಅವನ ಆ ಕೈಯನ್ನು ಹೆಂಡತಿ ಇಪ್ಪತ್ತೊಂದು ದಿನದ ಮೇಲೆ ನೋಡುತ್ತಿದ್ದಳು.

ಪರದೆಯ ಸೊಸೆ ಹೊರಟುಹೋದಳು. ಬೀಗ ಇದ್ದಲ್ಲೇ ಇತ್ತು. ಐದು ನಿಮಿಷ. ಹತ್ತು ನಿಮಿಷ. ಇಕ್ಕಳಮ್ಮ ಮುಂದಕ್ಕೆ ಓಡಿಸಿದಳು.

ಹನ್ನೊಂದು ಮೂವತ್ತೆರಡಕ್ಕೆ ಒಬ್ಬ ಗಂಡಸು ಒಳಬಂದ. ಕ್ಯಾಮೆರಾಕ್ಕೆ ಬೆನ್ನು. ಮೊಣಕೈವರೆಗೆ ಮಡಚಿದ ತೋಳು. ಅವನು ಬೋರ್ಡಿನ ಮುಂದೆ ನಿಂತು, ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ. ಜೇಬಿನಿಂದ ಕೀಲಿ ತೆಗೆದ.

"ತಿರುಗೋ," ಎಂದಳು ಇಕ್ಕಳಮ್ಮ ಹಲ್ಲು ಕಚ್ಚಿ. "ಈ ಕಡೆ ತಿರುಗೋ ನೀನು!"

ಅವನು ತಿರುಗತೊಡಗಿದ.

ಪರದೆ ಕಪ್ಪಾಯಿತು.

ಶೇಕಡ ತೊಂಬತ್ತೆರಡು ಎಂಬ ಅಂಕಿ, ಬೂದು ಮೊಗಸಾಲೆ, ಎಲ್ಲ ಒಟ್ಟಿಗೆ ಹೋದವು. ಇಕ್ಕಳಮ್ಮ ಗಡಿಯಾರ ನೋಡಿದಳು, ನಾಲ್ಕು ಐವತ್ತೊಂದು. ಆಮೇಲೆ ಗೋಡೆಯ ಕಡೆ ನೋಡಿದಳು.

ಮಾವ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಯಜಮಾನ್ರೇ, ಕೊಡಿ ಅದನ್ನ! ಇದು ಎದ್ದು ಕೂರೋಕೇ ಮೂರು ನಿಮಿಷ ಬೇಕು!"

ಅವರು ಪ್ಲಗ್ಗನ್ನು ಎದೆಗೆ ಒತ್ತಿಕೊಂಡರು.

"ಅವನಿಗೆ ಗೊತ್ತಿಲ್ಲಮ್ಮ," ಎಂದರು ಸೊಸೆಗೆ, ಪಿಸುದನಿಯಲ್ಲಿ. "ಅಲ್ಲಿ ಕ್ಯಾಮೆರಾ ಇತ್ತು ಅಂತ ಅವನಿಗೆ ಗೊತ್ತಿಲ್ಲ. ಚಿಕ್ಕಂದಿನಿಂದಲೂ ಹಾಗೇ, ಏನೇ ಮುಟ್ಟೋ ಮೊದಲು ಕೈ ಒರೆಸ್ಕೋತಾನೆ. ನನಗೆ ಇರೋದು ಇನ್ನೊಬ್ಬನೇ ಕಣಮ್ಮ."

ಹಾಲಿನಿಂದ ದನಿ ಬಂತು. "ಏನಪ್ಪಾ, ಒಳಗೆ ಕರೆಂಟ್ ಹೋಯ್ತಾ? ಇಲ್ಲಿ ಫ್ಯಾನ್ ತಿರುಗ್ತಾ ಇದೆ."

ಕುರ್ಚಿ ಸರಿದ ಸದ್ದಾಯಿತು. ಹೆಜ್ಜೆಗಳು ರೂಮಿನ ಕಡೆ ಹೊರಟವು.

ಸೊಸೆ ಕೋಟಿನ ತೋಳನ್ನು ಬಿಟ್ಟಳು. ಎರಡೇ ಹೆಜ್ಜೆಗೆ ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ತಿರುಗಿ ಬಂದು ಮಾವನ ಎದುರು ನಿಂತು ಕೈ ಚಾಚಿದಳು.

"ಗುಂಡಿಯಲ್ಲಿ ಸತ್ತವರು ಯಾರ ಮಗ ಮಾವ?"

ಪ್ಲಗ್ಗು ಮುದುಕರ ಮುಷ್ಟಿಯಲ್ಲೇ ಇತ್ತು.

ಬಾಗಿಲನ್ನು ಯಾರೋ ಎರಡು ಸಲ ತಟ್ಟಿದರು.

"ಅತ್ತಿಗೆ? ಚಿಲಕ ಯಾಕೆ ಹಾಕ್ಕೊಂಡ್ರಿ?"